ನಡತೆಯ ಸಾಲಿನಲ್ಲಿ ಬರೆದ ಪದ

ಪಿಂಚಣಿ ತೆಗೆದುಕೊಳ್ಳುವ ನಮ್ಮಂಥವರು ವರ್ಷಕ್ಕೊಮ್ಮೆ, ಇನ್ನೂ ಬದುಕಿದ್ದೇವೆ ಎಂದು ರುಜುವಾತು ಮಾಡಬೇಕು. ಈಗ ಅದನ್ನು ಮೊಬೈಲಿಗೆ ಮುಖ ತೋರಿಸಿಯೇ ಮುಗಿಸಬಹುದಂತೆ. ನನ್ನ ಮುಖವನ್ನು ಮೊಬೈಲು ಮೂರು ಸಲ ನೋಡಿ ಮೂರು ಸಲವೂ ಒಪ್ಪಲಿಲ್ಲ. ಹಾಗಾಗಿ ಮೊನ್ನೆ ಮಂಡ್ಯದ ಬ್ಯಾಂಕಿನ ಕೌಂಟರಿನ ಮುಂದೆ ಖುದ್ದಾಗಿ, ಸಶರೀರನಾಗಿ ನಿಂತಿದ್ದೆ. ಒಳಗಿದ್ದ ಹುಡುಗಿ ಸ್ಟ್ಯಾಂಪ್ ಪ್ಯಾಡಿನ ಡಬ್ಬಿ ತೆರೆದು, ಒಣಗಿದ ಬಟ್ಟೆಯ ಮೇಲೆ ನೇರಳೆ ಶಾಯಿ ನಾಲ್ಕು ಹನಿ ಬಿಟ್ಟಳು. ಆ ವಾಸನೆ ಗಾಜಿನ ಕಿಂಡಿಯಿಂದ ಈಚೆಗೆ ಬಂತು. ಸ್ವಲ್ಪ ಸ್ಪಿರಿಟ್ಟು, ಸ್ವಲ್ಪ ಸಿಹಿ, ಸ್ವಲ್ಪ ಹಳೆಯ ಕಬ್ಬಿಣ... ‘ಇಲ್ಲಿ ಸೈನ್ ಮಾಡಿ ಅಂಕಲ್’ ಎಂದು ಆಕೆ ಎರಡು ಸಲ ಹೇಳಿದಳಂತೆ. ನಾನು ಅಷ್ಟರಲ್ಲಿ ಬ್ಯಾಂಕಿನಲ್ಲಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಒಂದು ಜೂನಿಯರ್ ಕಾಲೇಜಿನ ಆಫೀಸು ರೂಮಿನಲ್ಲಿ, ಕಬ್ಬಿಣದ ಬೀರುವಿಗೆ ಬೆನ್ನು ಕೊಟ್ಟು ಕೂತಿದ್ದೆ. ಎದುರಿಗೆ ನಮ್ಮ ಇಂಗ್ಲಿಷ್ ಮೇಷ್ಟ್ರು.

ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು.

ನಾನು ಆ ಕಾಲೇಜಿನ ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತಾರು. ಸರ್ಕಾರದ ಕೆಲಸ ಸಿಕ್ಕಿತ್ತೇ ಹೊರತು ಖಾಯಂ ಆಗಿರಲಿಲ್ಲ. ಪ್ರೊಬೆಷನ್ ಎಂಬ ತೂಗುಯ್ಯಾಲೆಯ ಮೇಲಿದ್ದೆ. ಮೇಷ್ಟ್ರು ಆಗಲೇ ಐವತ್ತರ ಹತ್ತಿರ. ವೈದ್ಯನಾಥಪುರದ ಅರ್ಚಕರ ಮನೆತನದವರು. ಅಲ್ಲಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ, ಮಳವಳ್ಳಿಯಿಂದ ಕಿರುಗಾವಲಿನ ಕಡೆಯ ನಮ್ಮ ಕಾಲೇಜಿಗೆ ದಿನಾ ಮೂರು ಬಸ್ಸು ಬದಲಿಸಿ ಬರುತ್ತಿದ್ದರು. ಮಕ್ಕಳ ನೋಟ್‌ಬುಕ್ಕುಗಳನ್ನು ಬಸ್ಸಿನಲ್ಲೇ ತಿದ್ದುತ್ತಿದ್ದರು. ತಿದ್ದಿದ ಪುಸ್ತಕದಲ್ಲಿ ಯಾವ ಕೆಂಪು ಗೆರೆ ವ್ಯಾಕರಣದ್ದು, ಯಾವುದು ರಸ್ತೆಯ ಗುಂಡಿಯದ್ದು ಎಂದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಎರಡಕ್ಕೂ ಸಮಾನವಾಗಿ ಹೆದರುತ್ತಿದ್ದರು.

ಮೇಷ್ಟ್ರಿಗೆ ಜಗತ್ತಿನಲ್ಲಿ ಒಬ್ಬನೇ ಶತ್ರು. ಅದು ‘ಗುಡ್’ ಎಂಬ ಪದ. ಆ ಕಾಲಕ್ಕೆ ನಮ್ಮ ಕಡೆ ಇಂಗ್ಲಿಷಿನ ಪದಗಳ ಪೈಕಿ ಬೆವರು ಸುರಿಸಿ ದುಡಿಯುತ್ತಿದ್ದುದು ಅದೊಂದೇ. ಹೆಣ್ಣು ನೋಡಿ ಬಂದವರು ‘ಗುಡ್ ಫ್ಯಾಮಿಲಿ’ ಅನ್ನುತ್ತಿದ್ದರು. ಹಳೆಯ ಟ್ರ್ಯಾಕ್ಟರು ಮಾರುವವನು ‘ಗುಡ್ ಕಂಡೀಷನ್’ ಅನ್ನುತ್ತಿದ್ದ. ಮಧ್ಯಾಹ್ನ ಮೂರು ಗಂಟೆಗೂ ಮಕ್ಕಳು ಗುಡ್ ಮಾರ್ನಿಂಗ್ ಹೇಳಿ ಕೂರುತ್ತಿದ್ದರು. ಪ್ರಬಂಧ ಬರೆಯಲು ಕೊಟ್ಟರೆ ಹಸು ಗುಡ್, ಅಪ್ಪ ಗುಡ್, ಕಾವೇರಿ ನದಿ ಗುಡ್, ಪ್ರಿನ್ಸಿಪಾಲರು ವೆರಿ ಗುಡ್.

“ಒಂದೇ ಎತ್ತನ್ನ ಗಾಣಕ್ಕೂ ಕಟ್ಟಿ, ಗಾಡಿಗೂ ಕಟ್ಟಿ, ನೇಗಿಲಿಗೂ ಕಟ್ಟಿದ್ರೆ ಅದು ಎಷ್ಟು ದಿನ ಬದುಕುತ್ತೆ ಕಣ್ರೋ?” ಎಂದು ಮೇಷ್ಟ್ರು ಸಂಕಟಪಡುತ್ತಿದ್ದರು.

ಅದಕ್ಕೆಂದೇ ಅವರ ತರಗತಿಯ ಗೋಡೆಯ ಮೇಲೆ ಒಂದು ದೊಡ್ಡ ಡ್ರಾಯಿಂಗ್ ಶೀಟು ತೂಗುತ್ತಿತ್ತು. ಗುಡ್‌ಗೆ ಬದಲಾಗಿ ಬಳಸಬಹುದಾದ ಪದಗಳ ಪಟ್ಟಿ. ಆ ಪಟ್ಟಿಗೆ ಒಂದು ಪದ ಏರಬೇಕಾದರೆ ನಿಘಂಟಿನಲ್ಲಿದ್ದರೆ ಸಾಲದು. ಅದು ಯಾರಿಗೆ, ಯಾವುದಕ್ಕೆ ಒಪ್ಪುತ್ತದೆ ಎಂದು ಹುಡುಗರು ತಮ್ಮ ಊರಿನಿಂದಲೇ ಸಾಕ್ಷಿ ತರಬೇಕು. ಒಮ್ಮೆ ಒಬ್ಬ ಹುಡುಗ ತನ್ನ ಮನೆಯ ಎಮ್ಮೆ ‘ವರ್ಚುಯಸ್’ ಎಂದು ಬರೆದು ತಂದ.

“ನಿಮ್ಮೆಮ್ಮೆ ಏಕಾದಶಿ ಮಾಡುತ್ತೇನೋ?”

“ಇಲ್ಲ ಸಾ. ಆಲು ಕರೆಯುವಾಗ ಒದೆಯಾಕಿಲ್ಲ.”

“ಹಾಗಾದ್ರೆ ಅದು ಜೆಂಟಲ್. ವರ್ಚುಯಸ್ ಆಗಬೇಕು ಅಂದ್ರೆ ಸುಳ್ಳು ಹೇಳೋ ಅವಕಾಶ ಇದ್ದೂ ಹೇಳದೇ ಇರಬೇಕು. ಪಾಪ, ಅದಕ್ಕೆ ಆ ಅವಕಾಶವೇ ಇಲ್ವಲ್ಲೋ.”

ಹೀಗೆ ಎಮ್ಮೆಗೆ ಜೆಂಟಲ್, ಸೂಲಗಿತ್ತಿ ಅಜ್ಜಿಗೆ ಕೈಂಡ್, ಮೂವತ್ತು ವರ್ಷ ಒಂದೇ ಹೊತ್ತಿಗೆ ಅಂಚೆ ತಂದವರಿಗೆ ಸ್ಟೆಡಿ... ಆಫೀಸು ರೂಮಿನ ಕಿಟಕಿಯಿಂದ ನನಗೆ ಆ ಪಟ್ಟಿಯ ಅರ್ಧ ಕಾಣುತ್ತಿತ್ತು. ಆ ಹೊತ್ತಿಗೆ ಮೇಷ್ಟ್ರ ಮೇಲೆ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಬೆಂಚುಗಳು ಬೇಕೆಂದು ಮೇಲಿನ ಕಚೇರಿಗೆ ನಾನು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದಿದ್ದೆ. ಅದರಲ್ಲಿ ಬೆಂಚುಗಳು ನಾಟ್ ಗುಡ್, ಮಕ್ಕಳು ಕೂತಿರುವುದೂ ನಾಟ್ ಗುಡ್ ಎಂದಿತ್ತು. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಓದಿ, ಕೆಂಪು ಶಾಯಿಯಲ್ಲಿ ತಿದ್ದಿ, ‘ಗುಮಾಸ್ತರೇ, ನೀವೂ ನನ್ನ ಕ್ಲಾಸಿಗೆ ಬನ್ನಿ’ ಎಂದರು. ಎಲ್ಲರೂ ನಕ್ಕರು. ಅವರಿಗೆ ಅದು ತಮಾಷೆ. ನನಗೆ ಅದು ಸಾಮ್ರಾಜ್ಯದ ಮೇಲೆ ನಡೆದ ದಾಳಿ. ಸಮಯ ಬರಲಿ ಎಂದು ಕಾದೆ.

ಸಮಯ ಬಂತು. ಆ ವರ್ಷ ಪ್ರಿನ್ಸಿಪಾಲರು ವರ್ಗವಾಗಿ ಹೋದರು. ಹೊಸಬರು ಬರುವ ತನಕ ಮೇಷ್ಟ್ರೇ ಇನ್‌ಚಾರ್ಜು. ಪಿಯುಸಿ ಮುಗಿಸಿದ ಮಕ್ಕಳಿಗೆ ಕೊಡುವ ನಡತೆ ಪ್ರಮಾಣಪತ್ರದಲ್ಲಿ ‘ನಡತೆ ಮತ್ತು ಶೀಲ’ ಎಂದು ಅಚ್ಚಾಗಿ, ಪಕ್ಕದಲ್ಲಿ ಚುಕ್ಕಿಗಳ ಒಂದು ಸಾಲು ಇರುತ್ತದೆ. ಆ ಸಾಲಿನ ಮೇಲೆ ಗುಡ್ ಎಂದು ಬರೆಯುವುದು ವಾಡಿಕೆ. ಪ್ರಿನ್ಸಿಪಾಲರ ಸೈಕಲ್ಲಿನ ಗಾಳಿ ಬಿಟ್ಟವನಿಗೂ ಗುಡ್, ಬಾಯಿಯೇ ಬಿಡದವಳಿಗೂ ಗುಡ್. ಮೇಷ್ಟ್ರು ಪ್ರಮಾಣಪತ್ರಗಳ ಕಟ್ಟನ್ನು ನೋಡಿ, “ಎರಡು ವರ್ಷ ಕಣ್ಣೆದುರಿಗೆ ಬೆಳೆದ ಮಕ್ಕಳು ಕಣ್ರೀ. ಒಬ್ಬೊಬ್ಬರಿಗೆ ಒಂದೊಂದು ಪದ ಹುಡುಕೋಕಾಗಲ್ವೇ ನಮಗೆ?” ಎಂದರು. ಮೂರು ದಿನ ಕೂತರು. ಪ್ರತಿಯೊಂದು ಹೆಸರಿನ ಮುಂದೆ ಪೆನ್ನು ಎತ್ತಿ ಹಿಡಿದು, ಕಣ್ಣು ಮುಚ್ಚಿ, ಆ ಮುಖವನ್ನು ತಂದುಕೊಂಡು ಬರೆದರು. ಒಬ್ಬನಿಗೆ ಹಾನೆಸ್ಟ್. ಒಬ್ಬಳಿಗೆ ಚಿಯರ್‌ಫುಲ್. ಇನ್ನೊಬ್ಬನಿಗೆ ಸ್ಟೆಡಿ.

ಕಚೇರಿಗಳ ಬಗ್ಗೆ ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಸಾಲಿನಲ್ಲಿ ಗುಡ್ ಇದ್ದರೆ ಯಾವ ಗುಮಾಸ್ತನೂ ಓದುವುದಿಲ್ಲ. ಗುಡ್ ಇಲ್ಲದಿದ್ದರೆ ಮಾತ್ರ ಓದುತ್ತಾನೆ, ಓದಿ ಅನುಮಾನ ಪಡುತ್ತಾನೆ. ‘ಬೇಡಿ ಸಾರ್’ ಎಂದು ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ಜನ ಅರ್ಜಿ ಹಿಡಿದು ವಾಪಸು ಬಂದು ಮೇಷ್ಟ್ರಿಗೆ ಮುಜುಗರವಾಗಲಿ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾ ಸೀಲು ಒತ್ತುತ್ತಾ ಹೋದೆ.

ಒಂದು ಹಾಳೆಯ ಮೇಲೆ ಮಾತ್ರ ನನ್ನ ಕೈ ನಿಂತಿತು. ಅದರಲ್ಲಿ ‘ಫಿಯರ್‌ಲೆಸ್’ ಎಂದಿತ್ತು.

“ಹೆಣ್ಣುಮಗಳು ಸಾರ್,” ಎಂದೆ.

“ಹೌದು. ಆ ಹುಡುಗಿಗೆ ಬೇರೆ ಪದವೇ ಇಲ್ಲ ಕಣ್ರೀ.”

ಇರಲಿಲ್ಲ, ನಿಜ. ಪಾಸು ಇರುವ ಮಕ್ಕಳನ್ನು ಕಂಡರೆ ಸಂಜೆಯ ಬಸ್ಸು ನಿಲ್ಲಿಸದೇ ಹೋಗುತ್ತಿತ್ತು. ಒಂದು ದಿನ ಈ ಹುಡುಗಿ ರಸ್ತೆಯ ನಟ್ಟನಡುವೆ ಎರಡೂ ಕೈ ಅಗಲಿಸಿ ನಿಂತುಬಿಟ್ಟಳು. ಬಸ್ಸು ಅವಳಿಗೆ ಮಾರು ದೂರದಲ್ಲಿ ಕಿರುಚಿಕೊಂಡು ನಿಂತಿತು. ‘ಸಾಯಬೇಕಾ ಲೇ?’ ಎಂದು ಕಂಡಕ್ಟರು ಇಳಿದು ಬಂದರೆ, ‘ಪಾಸೈತೆ ಕಣಣ್ಣ. ಎಲ್ರುನೂ ಅತ್ತಿಸ್ಕೊ, ಆಮ್ಯಾಕೆ ಬಯ್ಯಿವಂತೆ’ ಎಂದಳು. ಎಲ್ಲರೂ ಹತ್ತಿದ ಮೇಲೆ ತಾನು ಹತ್ತಿದಳು. ಮೇಷ್ಟ್ರು ಅದೇ ಬಸ್ಸಿನಲ್ಲಿದ್ದರು.

ಪ್ರಮಾಣಪತ್ರ ತೆಗೆದುಕೊಳ್ಳಲು ಅವಳ ಅಪ್ಪನೂ ಬಂದಿದ್ದ. ಕಬ್ಬು, ಭತ್ತ ಬೆಳೆಯುವ ಗಟ್ಟಿ ಕುಳ. ಅವಳಿಗೆ ಟೀಚರಾಗುವ ಆಸೆ; ಮಂಡ್ಯದಲ್ಲಿ ತರಬೇತಿಯ ಸೀಟಿಗೆ ಹೆಸರು ಬಂದಿತ್ತು. ದಾಖಲೆಗಳನ್ನು ತೋರಿಸುವುದೊಂದೇ ಬಾಕಿ.

“ಸೀಟು ಸಿಕ್ರೆ ಓದ್ಲಿ ಸಾ, ನಾನೇನ್ ಅಡ್ಡ ಬರಾಕಿಲ್ಲ,” ಎಂದ. “ಸಿಗ್ನಿಲ್ಲ ಅಂದ್ರೆ ಕೊತ್ತತ್ತಿ ಕಡೆಯೋರು ಬಂದು ನೋಡ್ಕಂಡೋಗವ್ರೆ. ಅವರು ಕಾಯಾಕಿಲ್ಲ, ನಾನೂ ಕಾಯಿಸಾಕಿಲ್ಲ.”

ಹುಡುಗಿ ನನ್ನ ಕೈಯಿಂದ ಹಾಳೆ ಇಸಿದುಕೊಂಡು, ಆ ಪದವನ್ನು ಓದಿ, ದಾವಣಿಯ ತುದಿ ಬಾಯಿಗಿಟ್ಟು ನಕ್ಕಳು. ಹಿಗ್ಗಿನ ನಗು. ಅದು ನನಗೆ ಈಗಲೂ...

ದಾಖಲೆ ತೋರಿಸುವ ದಿನ ಬಂತು. ಅದೇ ದಿನ ಮದ್ದೂರಿನಲ್ಲಿ ನನ್ನ ಹೆಂಡತಿಯ ತಮ್ಮನ ನಿಶ್ಚಿತಾರ್ಥ. ರಜೆ ಕೇಳಿದರೆ ಮೇಷ್ಟ್ರ ಮುಂದೆ ಕೈಕಟ್ಟಿ ನಿಲ್ಲಬೇಕು. ಅದಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಅಟೆಂಡರಿಗೆ ‘ಇಲ್ಲೇ ಹೋಗಿ ಬತ್ತೀನಿ’ ಎಂದು ಹೇಳಿ, ಹನ್ನೊಂದರ ಬಸ್ಸು ಹತ್ತಿದೆ. ಸೀಲು ಬೀರುವಿನಲ್ಲಿ. ಬೀರುವಿನ ಕೀಲಿಕೈ ನನ್ನ ಉಡಿದಾರದಲ್ಲಿ. ಸರ್ಕಾರದ ಮೊಹರನ್ನು ಕಾಯುವವನು ಕೀಲಿಕೈಯನ್ನು ದೇಹದಿಂದ ಅಗಲಿಸಬಾರದೆಂದು ನಾನೇ ಮಾಡಿಕೊಂಡ ಶಾಸನ. ಅದನ್ನು ಸ್ನಾನದಲ್ಲೂ ಬಿಚ್ಚುತ್ತಿರಲಿಲ್ಲ.

ಮುಂದಿನದನ್ನು ನನಗೆ ಮಾರನೆಯ ಬೆಳಿಗ್ಗೆ ಹೇಳಿದವನು ಅಟೆಂಡರು. ನಾನು ಹೋದ ಒಂದು ಗಂಟೆಗೆ ಮಂಡ್ಯದಿಂದ ಫೋನು ಬಂದಿತ್ತು. ಹುಡುಗಿಯ ಅಪ್ಪ ಬೂತಿನಿಂದ ಮಾಡಿದ್ದ. ಅಲ್ಲಿನ ಮೇಜಿನ ಹಿಂದೆ ಕೂತ ನನ್ನದೇ ಕುಲದ ಒಬ್ಬ ಗುಮಾಸ್ತ, ‘ಫಿಯರ್‌ಲೆಸ್ ಅಂದ್ರೆ ಏನಮ್ಮ, ಜಗಳಗಂಟಿಯಾ? ಗುಡ್ ಅಂತ ಬರೆಸ್ಕೊಂಡು ಬಾ, ಐದು ಗಂಟೆಯೊಳಗೆ’ ಎಂದಿದ್ದ. ಐದರ ಮೇಲೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಮೇಷ್ಟ್ರು ಫೋನಿನಲ್ಲಿ, ‘ನೀವು ಅಲ್ಲಿಂದ ಅಲ್ಲಾಡಬೇಡಿ, ನಾನೇ ತರ್ತೀನಿ’ ಎಂದು ಹೇಳಿ, ಹೊಸ ಹಾಳೆ ತೆಗೆದು, ಗುಡ್ ಎಂದು ಬರೆದು, ಸಹಿ ಹಾಕಿ, ಸೀಲಿಗಾಗಿ ಆಫೀಸು ರೂಮಿಗೆ ಬಂದಿದ್ದರು.

“ಬೀರು ಒಡೆಯಾಕೆ ಹಾರೆ ತತ್ತಾ ಅಂದ್ರು. ತಂದ್ಕೊಟ್ಟೆ,” ಎಂದ ಅಟೆಂಡರು. “ಇಡ್ಕಂಡು ಒಸಿ ವೊತ್ತು ಅಂಗೇ ನಿಂತ್ಕಂಡ್ರು. ಆಮ್ಯಾಕೆ, ‘ಬ್ಯಾಡ ಬುಡಪ್ಪ, ಒಡುದ್ರೆ ಯಾಕ್ ಒಡುದ್ರಿ ಅಂತ ಮ್ಯಾಕೆ ಬರ್ದುಕೊಡಬೇಕಾಯ್ತದೆ. ಆ ಗುಮಾಸ್ತನ ಕೆಲ್ಸಕ್ಕೇ ಬಂದೀತು’ ಅಂದ್ಬುಟ್ಟು ಕೆಳಗಿಟ್ರು. ಸೀಲಿಲ್ದೇ ಹಾಳೆ ತಕ್ಕಂಡು ಓಡೋದ್ರು. ಊಟದ ಡಬ್ಬಿ ಇಲ್ಲೇ ಅದೆ ನೋಡಿ.”

ಡಬ್ಬಿ ಅಲ್ಲೇ ಇತ್ತು. ಮೊಸರನ್ನ ಹುಳಿಯಾಗಿತ್ತು.

ಸಹಿಯಿದೆ, ಜೊತೆಗೆ ಮನುಷ್ಯನೇ ಎದುರಿಗೆ ಬಂದು ನಿಂತಿದ್ದಾನೆ, ಇಷ್ಟು ಸಾಕಾದೀತು ಎಂದು ಮೇಷ್ಟ್ರು ನಂಬಿದ್ದಿರಬೇಕು. ಅವರು ನಾಲ್ಕೂವರೆಗೇ ಮಂಡ್ಯ ಮುಟ್ಟಿದ್ದರು. ಸೀಲಿಲ್ಲದ ಹಾಳೆಯನ್ನು ಆ ಮೇಜು ಒಪ್ಪಲಿಲ್ಲ. ಐದಾಯಿತು. ಆ ನಾಲ್ಕೂವರೆಗೆ ನಾನು ಮದ್ದೂರಿನಲ್ಲಿ, ಎರಡನೆಯ ಪಂಕ್ತಿಯಲ್ಲಿ, ಬೇಡವೆನ್ನುತ್ತಲೇ ಮೂರನೆಯ ಹೋಳಿಗೆ ಹಾಕಿಸಿಕೊಂಡು ಉಂಡೆದ್ದು, ಚಾಪೆಯ ಮೇಲೆ ಮಲಗಿದ್ದೆ. ಕೀಲಿಕೈ ಸೊಂಟಕ್ಕೆ ಒತ್ತುತ್ತಿತ್ತೆಂದು ಮಗ್ಗುಲು ಬದಲಿಸಿದ ನೆನಪೂ ಇದೆ.

ಅಟೆಂಡರು ಇಷ್ಟನ್ನು ಹೇಳಿದ ಆ ಬೆಳಿಗ್ಗೆಯೇ ಮೇಷ್ಟ್ರ ಮುಂದೆ ಹೋಗಿ ನಿಂತೆ. ಅವರು ತಲೆಯೆತ್ತಲಿಲ್ಲ.

“ಪ್ರೊಬೆಷನ್ ಯಾವಾಗ ಮುಗಿಯುತ್ತೆ?”

“ಮಾರ್ಚಿಗೆ, ಸಾರ್.”

“ಮನೇಲಿ ಮಗು ಇನ್ನೂ ಚಿಕ್ಕದಲ್ವೇ?” ಎಂದರು. ಮುಂದಿನ ಕಾಗದ ಎಳೆದುಕೊಂಡು, “ಕೀಲಿಕೈ ಇನ್ನು ಮೇಲೆ ಡ್ರಾಯರಿನಲ್ಲಿಡಿ,” ಎಂದರು. ಆ ವಿಷಯವಾಗಿ ಅವರು ನನ್ನೊಡನೆ ಆಡಿದ ಮಾತು ಅಷ್ಟೇ, ಆ ದಿನಕ್ಕೂ, ಆಮೇಲಿನ ವರ್ಷಗಳಿಗೂ.

ಯಾರೂ ಒಯ್ಯದೇ ಉಳಿದಿದ್ದ ಪ್ರಮಾಣಪತ್ರಗಳನ್ನು ಅವರು ಅಂದೇ ತರಿಸಿಕೊಂಡರು. ಹೊಸ ಹಾಳೆಗಳಲ್ಲಿ ಎಲ್ಲವನ್ನೂ ಮತ್ತೆ ಬರೆದರು. ಗುಡ್, ಗುಡ್, ಗುಡ್. ಈ ಸಲ ಕಣ್ಣು ಮುಚ್ಚಲಿಲ್ಲ, ಪೆನ್ನು ಎತ್ತಿ ಹಿಡಿಯಲಿಲ್ಲ, ಮಧ್ಯಾಹ್ನದೊಳಗೆ ಮುಗಿಯಿತು. ಗೋಡೆಯ ಮೇಲಿನ ಪಟ್ಟಿ ಯಾವತ್ತು ಇಳಿಯಿತೋ ನಾನು ಕಾಣೆ. ಒಂದು ದಿನ ಕಿಟಕಿಯಿಂದ ನೋಡಿದರೆ ಸುಣ್ಣದ ಗೋಡೆಯ ಮೇಲೆ ನಾಲ್ಕು ಮೊಳೆ ಮಾತ್ರ ಇದ್ದವು. ಹೊಸ ಪದ ಹುಡುಕಿ ತಂದ ಹುಡುಗರಿಗೆ, ‘ಗುಡ್ ಅಂತ್ಲೇ ಬರೀರಪ್ಪ, ಸಾಕು’ ಎನ್ನುವುದು ಕೇಳಿಸುತ್ತಿತ್ತು.

ಹುಡುಗಿಯ ಅಪ್ಪ ಮದುವೆಯ ಕಾಗದ ಹಿಡಿದು ಕಾಲೇಜಿಗೆ ಬಂದ. ನನಗೊಂದು ಕೊಟ್ಟ. ಮೇಷ್ಟ್ರು ಎದುರಿನ ಕೋಣೆಯಲ್ಲೇ ಇದ್ದರು, ಅವನು ಅತ್ತ ಹೋಗಲಿಲ್ಲ.

“ಮೊದ್ಲು ಏನೋ ಬರ್ದು ಕೆಡಿಸ್ದ್ರು. ಆಮ್ಯಾಲೆ, ಗಡಿಬಿಡೀಲಿ ಸೀಲಾಕೋದ ಮರ್ತೆ ಕಣಪ್ಪ ಅಂತ ಬರಿ ಹಾಳೆ ತಂದ್ರು. ಇಂತವ್ರು ಮೇಷ್ಟ್ರಾ?” ಎಂದ. “ನೀವೇ ವಾಸಿ ಸಾ. ಕೊಟ್ಟ ಕೆಲ್ಸ ನೆಟ್ಟಗೆ ಮಾಡಿದ್ರಿ.”

ಮೇಷ್ಟ್ರು ಅಲ್ಲಿ ಏನು ಹೇಳಿದ್ದರೆಂದು ನನಗೆ ತಿಳಿದದ್ದು ಆಗ. ಸೀಲು ಹಾಕುವುದನ್ನು ಮರೆತೆ ಎಂದಿದ್ದರು... ಸುಳ್ಳು ಹೇಳುವ ಅವಕಾಶ ಅವರಿಗಿತ್ತು, ಮತ್ತು ಅದನ್ನು ಅವರು ಬಳಸಿದ್ದು ನನಗಾಗಿ. ‘ಇಲ್ಲಪ್ಪ, ಮರೆತದ್ದು ಅವರಲ್ಲ’ ಎನ್ನಲು ನನಗೆ ಮೂರು ಪದ ಸಾಕಿತ್ತು. ಕಾಗದಕ್ಕೆ ಹಚ್ಚಿದ್ದ ಅರಿಶಿನ ನೋಡುತ್ತಾ ಕೂತೆ. ಮದುವೆಗೂ ಹೋದೆ, ಉಂಡೆ. ಸೋಮವಾರ ಮೇಷ್ಟ್ರು ರಿಜಿಸ್ಟರಿಗೆ ಸಹಿ ಮಾಡುತ್ತಾ ಕೇಳಿದರು:

“ಹುಡುಗಿ ಹೇಗಿದ್ದಳು?”

“ಚೆನ್ನಾಗಿದ್ದಳು, ಸಾರ್.”

ಹಿಂದಿನ ಮೇಷ್ಟ್ರಾಗಿದ್ದರೆ ‘ಚೆನ್ನಾಗಿ ಅಂದ್ರೇನ್ರೀ, ಸರಿಯಾದ ಪದ ಹೇಳಿ’ ಎಂದು ಬಿಡದೆ ಕೇಳುತ್ತಿದ್ದರು. ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳಬೇಕಾಗುತ್ತಿತ್ತೋ ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಆ ಮದುವೆಯ ಮಂಟಪದಲ್ಲಿ ಅವಳು ಒಮ್ಮೆಯೂ ತಲೆಯೆತ್ತಿರಲಿಲ್ಲ.

ನಿಜವನ್ನು ಹೇಳಿಬಿಡಬೇಕೆಂದು ನಾನು ಆಗಾಗ ಗಂಭೀರವಾಗಿ ತೀರ್ಮಾನಿಸುತ್ತಿದ್ದೆ. ಪ್ರೊಬೆಷನ್ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಬಡ್ತಿ ಬರಲಿ ಎಂದುಕೊಂಡೆ, ಬಂತು. ಪಿಂಚಣಿ ಕಾಗದ ಕೈಗೆ ಬರಲಿ ಎಂದುಕೊಂಡೆ, ಅದೂ ಬಂತು. ಮೇಷ್ಟ್ರ ಹನ್ನೆರಡನೆಯ ದಿನಕ್ಕೆ ವೈದ್ಯನಾಥಪುರಕ್ಕೆ ಹೋಗಿ, ಎಲೆಯ ಮುಂದೆ ಕೂತಾಗ, ಇನ್ನು ಯಾವುದಕ್ಕೂ ಕಾಯಬೇಕಾಗಿಲ್ಲವೆಂದು ಹೊಳೆಯಿತು. ಆದರೂ ಎರಡು ವರ್ಷ ಕಾದೆ.

ಮೊನ್ನೆ ಬ್ಯಾಂಕಿನಿಂದ ಹೊರಗೆ ಬಂದವನು ಮನೆಗೆ ಹೋಗಲಿಲ್ಲ. ಕೊತ್ತತ್ತಿಯ ಬಸ್ಸು ಹತ್ತಿದೆ.

ಅವಳ ಮನೆ ಸಿಗುವುದು ಕಷ್ಟವಾಗಲಿಲ್ಲ; ದನಿಯೇ ದಾರಿ ತೋರಿತು. ಅಂಗಳದಲ್ಲಿ ನಿಂತು ಫೋನಿನಲ್ಲಿ ನೀರುಗಂಟಿಗೆ, “ಕಾಲ್ವೆ ನಿಮ್ಮಪ್ಪ ತೋಡ್ಸುದ್ನೇನ್ಲಾ? ಸಂಜೀಕೆ ನೀರು ಬರ್ನಿಲ್ಲ ಅಂದ್ರೆ ತೂಬಿನ ಮ್ಯಾಲೇ ಬಂದು ಕುಂತ್ಕತೀನಿ,” ಎನ್ನುತ್ತಿದ್ದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಫೋನು ಇಳಿಸಿ, “ಆಫೀಸ್ ಸಾರ್ ಅಲ್ವರಾ?” ಎಂದಳು. ಜಗಲಿಯ ಮೇಲೆ ಕೂರಿಸಿ ಕಾಫಿ ತಂದುಕೊಟ್ಟಳು.

ಕಾಫಿ ಆರುವ ತನಕ ನಾನು ಹೇಳಿದೆ. ಆ ಪದಕ್ಕೆ ತೊಂದರೆಯಾಗುತ್ತದೆಂದು ಗೊತ್ತಿದ್ದೂ ಸುಮ್ಮನಿದ್ದದ್ದು, ಹೋಳಿಗೆ, ಉಡಿದಾರ, ಹಾರೆ, ಎಲ್ಲ. ಮೇಷ್ಟ್ರು ಸೀಲು ಮರೆಯಲಿಲ್ಲ ಎಂದೆ.

ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ.

“ಒಂದ್ಸಲ ಇಲ್ಲಿಗ್ ಬಂದಿದ್ರು ಸಾ,” ಎಂದಳು. “ನಾನ್ ಮದ್ವೆಯಾಗಿ ಒಂದೆಲ್ಡು ವರ್ಸಕ್ಕೆ. ಈಗ ನೀವ್ ಕುಂತಿದ್ದೀರಲ್ಲ, ಅಲ್ಲೇ ಕುಂತಿದ್ರು. ಮನೆಯೋರು ಬಂದು ಕರುದ್ರು. ಆ ಮೇಷ್ಟ್ರು ಮುಖ ನಾ ನೋಡಾಕಿಲ್ಲ ಅಂದ್ಬುಟ್ಟು ಅಡಿಗೆ ಮನೆಯಿಂದ ಆಚ್ಗೇ ಬರ್ನಿಲ್ಲ. ಒಂದ್ ಗಂಟೆ ಕುಂತಿದ್ರು. ನೀರೂ ಕುಡೀದೆ ಎದ್ದೋದ್ರು.”

ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ನಾನು ಹೊರಡಬೇಕೋ ಕೂರಬೇಕೋ ತಿಳಿಯದೆ ಕೂತಿದ್ದೆ. ಹೊರಗೆ ಬಂದಾಗ ಬೇರೆ ಸೀರೆ ಉಟ್ಟಿದ್ದಳು. ತಲೆ ಬಾಚಿಕೊಂಡು, ಕೈಯಲ್ಲಿ ಒಂದು ಬ್ಯಾಗು ಹಿಡಿದಿದ್ದಳು. ಬ್ಯಾಗಿನಲ್ಲಿ ಬಾಳೆಹಣ್ಣಿನ ಚಿಪ್ಪು ಕಾಣುತ್ತಿತ್ತು.

“ಏಳಿ ಸಾ. ವೈದ್ಯನಾಥಪುರ ತಾನೆ ಅವ್ರದು? ಮಂಡ್ಯಕ್ಕೋಗಿ ಮದ್ದೂರು ಬಸ್ಸು ಇಡ್ಕಂಡ್ರೆ ಊಟದೊತ್ಗೆ ಓಯ್ತೀವಿ. ಅವತ್ತು ಒಳಗೇ ಇದ್ದೆ ಅಂತ ಅವ್ರ ಮುಂದೆ ನಿಂತ್ಕಂಡ್ ಯೋಳ್ಬೇಕು ನಾನು.”

ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದಳು. ನಾನು ಏಳಲಿಲ್ಲ.

“ಯಾಕ್ ಸಾ ಅಂಗೇ ಕುಂತ್ಬುಟ್ರಿ? ಅವ್ರಿಗ್ ಉಷಾರಿಲ್ವಾ?”

ನಾನು ಹೇಳಿದೆ.

ಅವಳು ಬ್ಯಾಗನ್ನು ಕೆಳಗಿಡಲಿಲ್ಲ. ಬಿಸಿಲಿನಲ್ಲಿ ಹ್ಯಾಗೆ ನಿಂತಿದ್ದಳೋ ಹಾಗೇ ನಿಂತು, “ಎಲ್ಡು ವರ್ಸ...” ಎಂದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

“ಕೊತ್ತತ್ತಿಗೆ ಬಸ್ಸು ಮೊದ್ಲೂ ಇದ್ವಲ್ಲ ಸಾ?”